ಎರಡು ಜ್ವರಕ್ಕಾಗುವಷ್ಟು ಕಾದಂಬರಿ

ಒಂದು ಒಳ್ಳೆಯ ಕಾದಂಬರಿ ಓದಿ ಮುಗಿಸಿದ ಮಾರನೆಯ ದಿನ ಮನುಷ್ಯರು ಯಾಕಷ್ಟು ಸಿಡುಕುತ್ತಾರೆ ಎಂಬುದನ್ನು ತಿಳಿದವರು ಯಾರಾದರೂ ವಿಚಾರ ಮಾಡಿದರೆ ಒಳ್ಳೆಯದು. ನೆಂಟರು ಹೊರಟುಹೋದ ಮೇಲೆ ಅವರು ಉಂಡ ತಟ್ಟೆಗಳನ್ನು ತೊಳೆಯುತ್ತಾ ನಿಂತ ಹಾಗಿರುತ್ತದೆ ಅವತ್ತು. ಹೊಸದೊಂದನ್ನು ಹಿಡಿಯೋಣವೆಂದರೆ ಮನಸ್ಸು ಒಗ್ಗುವುದಿಲ್ಲ, ಹಿಡಿಯದೆ ಇರೋಣವೆಂದರೆ ಕೈ ಸುಮ್ಮನಿರುವುದಿಲ್ಲ. ಮೊದಲ ಪುಟ ತೆಗೆದರೆ ಅಲ್ಲಿ ಯಾರೋ ಗೊತ್ತಿಲ್ಲದವರು ರೈಲು ಇಳಿಯುತ್ತಿರುತ್ತಾರೆ; ಅವರು ಇಳಿದರೆ ನನಗೇನು, ಹತ್ತಿದರೆ ನನಗೇನು ಅನ್ನಿಸುತ್ತದೆ. ಹೆಣ್ಣು ಹುಡುಕುವುದು ಕಷ್ಟ, ಗಂಡು ಹುಡುಕುವುದು ಅದಕ್ಕಿಂತ ಕಷ್ಟ ಅನ್ನುತ್ತಾರೆ ನಮ್ಮ ಕಡೆ. ಎರಡನ್ನೂ ನಾನು ಮಾಡಿ ಮುಗಿಸಿದ್ದೇನೆ. ತಮ್ಮನಿಗೆ ಹೆಣ್ಣು ಹುಡುಕಿದೆ, ಮಗಳಿಗೆ ಗಂಡು ಹುಡುಕಿದೆ, ಇಬ್ಬರ ಸಂಸಾರವೂ ನಡೆಯುತ್ತಿದೆ. ನನಗೆ ಓದುವುದಕ್ಕೆ ಒಂದು ಕಾದಂಬರಿ ಮಾತ್ರ ಎರಡು ವರ್ಷದಿಂದ ಸಿಗುತ್ತಿಲ್ಲ.

ಸಿಗುತ್ತಿಲ್ಲ ಅಂದರೆ ಪುಸ್ತಕಗಳಿಗೆ ಬರ ಬಂದಿದೆ ಅಂತಲ್ಲ. ನನ್ನ ಕಷ್ಟ ನಿಮಗೆ ಅರ್ಥವಾಗಬೇಕಾದರೆ ಮೊದಲು ನಮ್ಮ ಹುಳುಗಳ ವಿಷಯ ಹೇಳಬೇಕು. ನಮ್ಮದು ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನ ಹತ್ತಿರ ರೇಷ್ಮೆ ಸಾಕುವ ಮನೆ. ರೇಷ್ಮೆ ಸಾಕುವವರಿಗೆ ಗಡಿಯಾರ, ಪಂಚಾಂಗ, ಯಜಮಾನ ಎಲ್ಲಾ ಹುಳುವೇ. ಅದು ತಿನ್ನುವ ಹೊತ್ತಿಗೆ ನಾವು ಹಿಪ್ಪುನೇರಳೆ ಸೊಪ್ಪು ಹಾಕಬೇಕು, ಅದು ತಿಂದಾದ ಮೇಲೆ ಹೊತ್ತು ಉಳಿದರೆ ನಾವು ತಿನ್ನಬೇಕು. ಆದರೆ ಈ ಹುಳುವಿಗೆ ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಜ್ವರ ಬರುತ್ತದೆ. ಗಾಬರಿಯಾಗಬೇಡಿ, ಅದು ಕಾಯಿಲೆಯಲ್ಲ. ಹಳೆಯ ಚರ್ಮ ಕಳಚಿಕೊಳ್ಳುವುದಕ್ಕಾಗಿ ಹುಳು ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂತುಬಿಡುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಮೊದಲ ಎರಡು ಜ್ವರ ಮರಿಹುಳು ಬೆಳೆಸಿ ಕೊಡುವ ಚಾಕಿ ಕೇಂದ್ರದಲ್ಲೇ ಮುಗಿದಿರುತ್ತದೆ. ಮನೆಗೆ ತಂದ ಮೇಲೆ ಬರುವುದು ಇನ್ನೆರಡು. ಆ ಎರಡು ಜ್ವರದಲ್ಲಿ ಸೊಪ್ಪು ಕೊಯ್ಯುವ ಹಾಗಿಲ್ಲ, ಹಾಕುವ ಹಾಗಿಲ್ಲ, ಒಂದು ದಿನ ಸುಮ್ಮನೆ ಕೂತಿರಬೇಕು. ಊರಿನವರು ಆಗ ಬಟ್ಟೆ ಒಗೆಯುತ್ತಾರೆ, ಕೆಂಗಲ್ ಹನುಮಪ್ಪನಿಗೆ ಹೋಗಿ ಬರುತ್ತಾರೆ, ಬಾಕಿ ಉಳಿದ ಜಗಳ ಮುಗಿಸಿಕೊಳ್ಳುತ್ತಾರೆ. ಅಕ್ಕ ಮತ್ತು ನಾನು ಕಾದಂಬರಿ ಓದುತ್ತಿದ್ದೆವು.

ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ, ವಾರಗಿತ್ತಿ, ನಮ್ಮ ಯಜಮಾನರ ಅಣ್ಣನ ಹೆಂಡತಿ ಪುಟ್ಟಲಕ್ಷ್ಮಮ್ಮ. ವಾರಗಿತ್ತಿಯರೆಂದರೆ ಒಬ್ಬಳ ಸಾರಿಗೆ ಇನ್ನೊಬ್ಬಳು ಉಪ್ಪು ಸುರಿಯಬೇಕು ಎಂದು ಲೋಕ ತಿಳಿದಿದೆ. ನಾವು ಆ ನಿಯಮವನ್ನು ಪಾಲಿಸಲಿಲ್ಲ. ನಾನು ಪಿಯುಸಿ ಓದಿದವಳೆಂಬ ಜಂಬದಲ್ಲಿ ಟ್ರಂಕಿನೊಳಗೆ ಎರಡು ಕಾದಂಬರಿ ಇಟ್ಟುಕೊಂಡು ಈ ಮನೆಗೆ ಸೊಸೆಯಾಗಿ ಬಂದೆ. ಮೊದಲ ಬೆಳೆಯ ಜ್ವರದಲ್ಲಿ ಹುಳುಮನೆಯ ಬಾಗಿಲಲ್ಲಿ ಕೂತು ಒಂದನ್ನು ತೆಗೆದಾಗ ಅಕ್ಕ ಹತ್ತಿರ ಬಂದು, "ಇನ್ನೂ ಪರೀಕ್ಸೆ ಬಾಕಿ ಐತಾ ನಿಂದು?" ಎಂದು ಮರುಕದಿಂದ ಕೇಳಿದಳು. ಇದು ಪರೀಕ್ಷೆಯ ಪುಸ್ತಕವಲ್ಲ, ಕತೆ ಪುಸ್ತಕ ಎಂದೆ. "ಅಂಗಾದ್ರೆ ಒಸಿ ಜೋರಾಗಿ ಓದು, ನಂಗೂ ಕೇಳಿಸ್ಲಿ. ಒಬ್ಳೇ ತಿಂದ್ರೆ ಹೊಟ್ಟೆ ನೋಯ್ತದೆ" ಎಂದು ಪಕ್ಕದಲ್ಲಿ ಕೂತಳು. ಅಕ್ಕ ಎರಡನೇ ಕ್ಲಾಸಿನಲ್ಲಿ ಸ್ಕೂಲು ಬಿಟ್ಟವಳು. ಬಸ್ಸಿನ ಬೋರ್ಡಿನಲ್ಲಿ ತನ್ನ ತವರೂರಿನ ಹೆಸರು ಇದ್ದರೆ ಮಾತ್ರ ಓದಿಬಿಡುತ್ತಿದ್ದಳು, ಬೇರೆ ಊರಿಗೆ ಹೋಗುವ ಬಸ್ಸುಗಳ ಬಗ್ಗೆ ಅವಳಿಗೆ ಆಸಕ್ತಿಯಿರಲಿಲ್ಲ. ಅವತ್ತು ಕೂತವಳು ಮುಂದೆ ಇಪ್ಪತ್ತೈದು ವರ್ಷ ಏಳಲಿಲ್ಲ ಅಂದರೂ ತಪ್ಪಿಲ್ಲ.

ಹಾಗಾಗಿ ನಮ್ಮ ಮನೆಯಲ್ಲಿ ಕಾದಂಬರಿಯ ಉದ್ದವನ್ನು ಪುಟದ ಲೆಕ್ಕದಲ್ಲಿ ಹೇಳುತ್ತಿರಲಿಲ್ಲ, ಜ್ವರದ ಲೆಕ್ಕದಲ್ಲಿ ಹೇಳುತ್ತಿದ್ದೆವು. ನಾನು ಹೊಸ ಪುಸ್ತಕ ತಂದರೆ ಅಕ್ಕ ಮೊದಲು ಅದನ್ನು ಅಂಗೈ ಮೇಲಿಟ್ಟು ತೂಗಿ, "ಇದು ಎರಡು ಜ್ವರಕ್ಕಾಯ್ತದಾ?" ಎಂದು ಕೇಳುತ್ತಿದ್ದಳು. ಮೂರನೇ ಜ್ವರದಲ್ಲಿ ಶುರುಮಾಡಿ, ನಾಲ್ಕನೇ ಜ್ವರದಲ್ಲಿ ಮುಕ್ಕಾಲು ದಾಟಿ, ಹುಳು ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಹತ್ತಿ ಗೂಡು ಕಟ್ಟುವ ನಾಲ್ಕು ದಿನದಲ್ಲಿ ನಿಧಾನವಾಗಿ ಮುಗಿಸಿದರೆ ಅದು ಹದವಾದ ಕಾದಂಬರಿ. ಬರೆಯುವವರಿಗೆ ಈ ವಿಷಯ ಗೊತ್ತಿಲ್ಲದೆ ನಾವು ಬಹಳ ಸಂಕಟಪಟ್ಟಿದ್ದೇವೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಹುಳು ತಿನ್ನುವ ರಭಸ ನೋಡಿದವರಿಗೇ ಗೊತ್ತು. ಒಂದು ವಾರ ಮನೆಮಂದಿಗೆಲ್ಲ ಸೊಪ್ಪು ಹೊರುವುದೇ ಕೆಲಸ. ಒಂದು ಸಲ ಸರಿಯಾಗಿ ಆ ಹೊತ್ತಿಗೇ ಕತೆಯ ಸೊಸೆ ಮನೆಯವರ ಮಾತು ತಡೆಯಲಾರದೆ ಎದ್ದುಹೋಗಿ ಬಾವಿಕಟ್ಟೆಯ ಮೇಲೆ ಕೂತಳು. ಪುಸ್ತಕ ಮುಚ್ಚಲೇಬೇಕಾಯಿತು. ವಾರವೆಲ್ಲಾ ಅಕ್ಕನಿಗೆ ಊಟ ಸೇರಲಿಲ್ಲ. ಸೊಪ್ಪಿನ ಹೊರೆ ತಲೆ ಮೇಲೆ ಹೊತ್ತುಕೊಂಡು ಬರುತ್ತಾ, "ಅವ್ಳು ಇನ್ನೂ ಅಲ್ಲೇ ಕೂತವ್ಳೆ ಕಣಮ್ಮಿ. ಪಾಪ, ಬಿಸ್ಲು ಬ್ಯಾರೆ" ಅನ್ನುತ್ತಿದ್ದಳು. ಕೊನೆಗೆ ಗೂಡು ಕಟ್ಟುವ ಹದಕ್ಕೆ ಹಣ್ಣಾದ ಹುಳುಗಳನ್ನೆಲ್ಲ ಚಂದ್ರಿಕೆಗೆ ಬಿಟ್ಟು, ಕೈ ತೊಳೆದು ಬಂದು ಪುಸ್ತಕ ತೆಗೆದರೆ, ಮುಂದಿನ ಸಾಲಿನಲ್ಲೇ ಆ ಸೊಸೆ ಎದ್ದು ಸೀರೆ ಕೊಡವಿಕೊಂಡು ಮನೆಗೆ ಹೊರಟಿದ್ದಳು. ಅಕ್ಕನಿಗೆ ಬಂದ ಕೋಪ ಅಷ್ಟಿಷ್ಟಲ್ಲ. ಇಷ್ಟಕ್ಕೆ ನಮ್ಮನ್ನು ಒಂದು ವಾರ ಹೆದರಿಸಿದಳಲ್ಲ ಎಂದು ಆ ಕಾದಂಬರಿ ಮುಗಿಯುವವರೆಗೂ ಆ ಸೊಸೆಯ ಅತ್ತೆಯ ಪರವಾಗಿಯೇ ಮಾತಾಡಿದಳು.

ಮುಂದಿನದು ಯಾವುದು ಎಂದು ಆರಿಸುವುದಕ್ಕೂ ಅಕ್ಕನದೇ ಒಂದು ಪದ್ಧತಿಯಿತ್ತು. ನಮ್ಮ ಯಜಮಾನರು ಗೂಡು ಮಾರಲು ರಾಮನಗರದ ಮಾರುಕಟ್ಟೆಗೆ ಹೋದಾಗ ನಾನೂ ಜೊತೆಗೆ ಹೋಗಿ ಮೂರೋ ನಾಲ್ಕೋ ಪುಸ್ತಕ ತರುತ್ತಿದ್ದೆ. ಅಕ್ಕ ಮೊದಲ ಪುಟ ಕೇಳುತ್ತಿರಲಿಲ್ಲ. "ಮೊದ್ಲು ಎಲ್ಲಾರೂ ಚೆನ್ನಾಗೇ ಇರ್ತಾರೆ, ಮದ್ಯದಲ್ಲಿ ಎಲ್ಲಾದ್ರೂ ತೆಗ್ದು ಓದು. ಮುದ್ದೆ ಬೆಂದೈತೋ ಇಲ್ವೋ ನಡುಮದ್ಯ ಮುರಿದ್ರೆ ತಾನೇ ಗೊತ್ತಾಗೋದು" ಅನ್ನುತ್ತಿದ್ದಳು. ಈ ಪರೀಕ್ಷೆಯಲ್ಲಿ ದೊಡ್ಡ ದೊಡ್ಡ ಕಾದಂಬರಿಗಳು ಬಿದ್ದುಹೋದವು, ಯಾರೂ ಕೇಳದ ಪುಸ್ತಕಗಳು ಪಾಸಾದವು. ಅಕ್ಕನ ತೀರ್ಪು ಸರಿಯಾಗಿರುತ್ತಿತ್ತು ಎಂದೇನೂ ನಾನು ಹೇಳುವುದಿಲ್ಲ. ಮದುವೆ ಊಟದ ವರ್ಣನೆ ಸಿಕ್ಕಿತೆಂದು ಅವಳು ಪಾಸು ಮಾಡಿದ ಒಂದು ಕಾದಂಬರಿಯಲ್ಲಿ ಆ ಊಟ ಬಿಟ್ಟರೆ ಮತ್ತೇನೂ ಇರಲಿಲ್ಲ. ಆದರೂ ಎರಡು ಜ್ವರ ಸೊಗಸಾಗಿ ಕಳೆದವು, ಯಾಕೆಂದರೆ ಆ ಕಾದಂಬರಿಯನ್ನು ಬೈಯುವುದರಲ್ಲಿ ನಮಗೆ ಅಷ್ಟು ಸುಖ ಸಿಕ್ಕಿತ್ತು.

ಹೀಗಿದ್ದ ಮನೆ ಭಾಗವಾಯಿತು. ಕಾರಣ ಕೇಳಬೇಡಿ, ಹೇಳುವುದಕ್ಕೆ ನನಗೆ ನಾಚಿಕೆ. ಬೋರ್‌ವೆಲ್ಲಿನ ಮೋಟರನ್ನು ಯಾರು ಆಫ್ ಮಾಡಿದರು ಎಂಬಲ್ಲಿಂದ ಹೊರಟ ಮಾತು, ತೀರಿಹೋದ ಮಾವನವರನ್ನು ಕೊನೆಗಾಲದಲ್ಲಿ ಯಾರು ನೋಡಿಕೊಂಡರು ಎಂಬಲ್ಲಿಗೆ ಹೋಗಿ ನಿಂತಿತು. ಅಲ್ಲಿಗೆ ಹೋದ ಮೇಲೆ ಯಾವ ಅಣ್ಣತಮ್ಮಂದಿರೂ ಹಿಂದಕ್ಕೆ ಬರುವುದಿಲ್ಲ. ಊರಿನ ನಾಲ್ಕು ಜನ ಕೂತು ತೋಟಕ್ಕೆ ಕಲ್ಲು ನೆಟ್ಟರು. ಮನೆಯಲ್ಲಿ ಎರಡು ಒಲೆಯಾಯಿತು. ಉದ್ದಕ್ಕಿದ್ದ ಹುಳುಮನೆಗೆ ನಡುವೆ ಹಾಲೋಬ್ಲಾಕಿನ ಗೋಡೆ ಎದ್ದಿತು. ಹುಳುವಿಗೆ ಗಾಳಿಯಾಡಬೇಕಲ್ಲ, ಅದಕ್ಕೆ ಚಾವಣಿಯ ಶೀಟಿನ ಕೆಳಗೆ ಒಂದು ಮೊಳ ಬಿಟ್ಟು ಕಟ್ಟಿದರು. ನಾನು ಓದಿದ ಕಾದಂಬರಿಗಳಲ್ಲಿ ಮನೆ ಭಾಗವಾಗುವಾಗ ಹೆಂಗಸರು ಕಂಬ ಹಿಡಿದು ಅಳುತ್ತಾರೆ. ನಮಗೆ ಅದಕ್ಕೂ ಪುರುಸೊತ್ತಿರಲಿಲ್ಲ. ಗೋಡೆ ಕಟ್ಟುವ ಗಾರೆಯವರಿಗೆ ಅವತ್ತು ಊಟ ಹಾಕಬೇಕಿತ್ತು. ನಾನೂ ಅಕ್ಕನೂ ಒಂದೇ ಪಾತ್ರೆಯಲ್ಲಿ ಕೊನೆಯ ಸಲ ಅವರೆಕಾಳಿನ ಸಾರು ಮಾಡಿ ಅವರಿಗೆ ಬಡಿಸಿದೆವು. ಅಕ್ಕ ಮುದ್ದೆ ಕಟ್ಟುತ್ತಾ, ಗೋಡೆ ಸೊಂಟದ ಮಟ್ಟಕ್ಕೆ ಬಂದದ್ದನ್ನು ನೋಡಿ, "ಕಾದಂಬ್ರೀಲಾಗಿದ್ರೆ ಈಗ ಯಾರಾದ್ರೂ ಬಂದು ತಡೀತಿದ್ರು ಕಣಮ್ಮಿ" ಎಂದಳು. ನಾವಿಬ್ಬರೂ ಬಾಗಿಲ ಕಡೆ ನೋಡಿದೆವು. ಯಾರೂ ಬರಲಿಲ್ಲ. ಗಾರೆಯವರು ಎರಡನೇ ಸಲ ಸಾರು ಹಾಕಿಸಿಕೊಂಡರು.

ಜಗಲಿಯ ಮೇಲೆ ಕೂತು ಓದಬಹುದಿತ್ತಲ್ಲ ಎಂದು ನೀವು ಕೇಳಬಹುದು. ಜಗಲಿಯೂ ಭಾಗವಾಗಿದೆ. ಅದರ ಒಂದು ತುದಿಯಲ್ಲಿ ನಮ್ಮ ಯಜಮಾನರು, ಇನ್ನೊಂದು ತುದಿಯಲ್ಲಿ ಭಾವನವರು ಬೆನ್ನು ತಿರುಗಿಸಿಕೊಂಡು ಕೂರುತ್ತಾರೆ. ಅವರ ಮಧ್ಯೆ ಪುಸ್ತಕ ಹಿಡಿದು ಕೂರುವಷ್ಟು ಗುಂಡಿಗೆ ನಮ್ಮಿಬ್ಬರಿಗೂ ಇಲ್ಲ. ಹುಳುಮನೆಯೊಳಗೆ ಹೋಗೋಣವೆಂದರೆ, ಒಂದು ಹುಳುಮನೆಯವರು ಇನ್ನೊಂದು ಹುಳುಮನೆಗೆ ಕಾಲಿಡಬಾರದೆಂಬುದು ಸಾಕುವವರ ನಿಯಮ, ರೋಗ ಅಂಟುತ್ತದೆ. ಇಪ್ಪತ್ತೈದು ವರ್ಷ ಒಂದೇ ತಟ್ಟೆಗೆ ಸೊಪ್ಪು ಹಾಕಿದ ನಾನು ಒಂದು ಗೋಡೆಯ ದೆಸೆಯಿಂದ ರೋಗ ತರುವವಳಾದೆ. ಇದೆಲ್ಲದಕ್ಕಿಂತ ದೊಡ್ಡ ತೊಂದರೆಯೆಂದರೆ ಜ್ವರ. ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ದಿನ ಮರಿಹುಳು ತರುತ್ತಾರೆಯೇ? ಅವರು ಸೋಮವಾರ ತಂದರೆ ಇವರು ಶುಕ್ರವಾರ ತರುತ್ತಾರೆ. ನನ್ನ ಹುಳು ಜ್ವರಕ್ಕೆ ಕೂತಾಗ ಅಕ್ಕನ ಹುಳು ಹಸಿದು ಬಾಯಿಬಿಟ್ಟಿರುತ್ತವೆ, ಅಕ್ಕನ ಹುಳು ಕೂತಾಗ ನಾನು ಸೊಪ್ಪಿನ ಹೊರೆಯ ಕೆಳಗಿರುತ್ತೇನೆ. ಡೈರಿಗೆ ಹಾಲು ಹಾಕುವಾಗ ಎರಡು ಮಾತು ಸಿಗುತ್ತದೆ, ಅಷ್ಟೇ. ಎರಡು ಮಾತಿನಲ್ಲಿ ಯಾವ ಕಾದಂಬರಿಯೂ ಮುಗಿಯುವುದಿಲ್ಲ.

ಮೊದಲು ನಾನು ಧೈರ್ಯವಾಗಿಯೇ ಇದ್ದೆ. ಓದುವವಳು ನಾನು, ಕೇಳುವವಳು ಅವಳು, ನಷ್ಟವಾದರೆ ಅವಳಿಗೆ ಎಂದುಕೊಂಡೆ. ಒಂದು ಒಳ್ಳೆಯ ಕಾದಂಬರಿ ಹಿಡಿದರೆ ಎಲ್ಲಾ ಸರಿಹೋಗುತ್ತದೆ ಎಂದು ಹುಡುಕಲು ಶುರುಮಾಡಿದೆ. ರಾಮನಗರದ ಪುಸ್ತಕದಂಗಡಿಯವರು, "ಎಷ್ಟು ವರ್ಷದವ್ರಿಗೆ ಮೇಡಂ?" ಎಂದು ಫ್ರಾಕು ಮಾರುವವರ ಹಾಗೆ ಕೇಳಿದರು. ಐವತ್ತೆರಡು ಎಂದೆ. ಮಂಡಿನೋವಿಗೆ ಮನೆಮದ್ದು ಎಂಬ ಪುಸ್ತಕ ತೆಗೆದುಕೊಟ್ಟರು. ಚನ್ನಪಟ್ಟಣದ ಲೈಬ್ರರಿಯಲ್ಲಿ ಕಾದಂಬರಿಗಳಿದ್ದವು, ಆದರೆ ಯಾರೋ ಪುಣ್ಯಾತ್ಮರು ಒಂದೊಂದರ ಮೊದಲ ಪುಟದಲ್ಲೂ ಪೆನ್ನಿನಲ್ಲಿ ಕೊನೆಗೆ ಯಾರು ಸಾಯುತ್ತಾರೆಂದು ಬರೆದಿಟ್ಟಿದ್ದರು. ಮಗಳು ನನ್ನನ್ನು ಫೋನಿನಲ್ಲಿ ಓದುಗರ ಗುಂಪೊಂದಕ್ಕೆ ಸೇರಿಸಿದಳು. ಅಲ್ಲಿ ಬೆಳಿಗ್ಗೆ ಹೂವಿನ ಚಿತ್ರ, ಮಧ್ಯಾಹ್ನ ಹುಟ್ಟುಹಬ್ಬದ ಶುಭಾಶಯ, ಸಂಜೆ ಯಾರು ದೊಡ್ಡ ಲೇಖಕರು ಎಂಬ ಜಗಳ. ಓದುವುದಕ್ಕೆ ಅವರಿಗೆ ಯಾವಾಗ ಹೊತ್ತು ಸಿಗುತ್ತದೋ ನನಗೆ ತಿಳಿಯಲಿಲ್ಲ.

ಮಾಗಡಿಯಲ್ಲಿ ಕಾಲೇಜು ಮೇಷ್ಟ್ರಾಗಿರುವ ನನ್ನ ತಮ್ಮ ಇದನ್ನೆಲ್ಲಾ ಕೇಳಿ, ತಾನೇ ಒಂದು ಕಾದಂಬರಿ ತಂದುಕೊಟ್ಟ. ಕೊಡುವಾಗ, "ಇದ್ರಲ್ಲಿ ಕತೆ ಇಲ್ಲ ಅಕ್ಕ, ಅದೇ ಇದ್ರ ವಿಶೇಷ" ಎಂದ. ನಾನು ಮೂರನೇ ಜ್ವರ ಪೂರ್ತಿ ಅದನ್ನು ಓದಿದೆ. ತಮ್ಮ ಸುಳ್ಳು ಹೇಳುವವನಲ್ಲ, ನಿಜವಾಗಿಯೂ ಅದರಲ್ಲಿ ಕತೆ ಇರಲಿಲ್ಲ. ಒಬ್ಬಾತ ಮೂವತ್ತು ಪುಟ ಕಿಟಕಿಯ ಹೊರಗೆ ನೋಡಿದ. ಅಕ್ಕ ಇದ್ದಿದ್ದರೆ, "ಆ ಕಿಟ್ಕಿ ಮುಚ್ಚಿ ಅವ್ನಿಗೊಂದು ಕೆಲ್ಸ ಕೊಡ್ರಪ್ಪ" ಅನ್ನುತ್ತಿದ್ದಳು, ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು, ಆಮೇಲೆ ಅವನ ಮೇಲೆ ಸ್ವಲ್ಪ ಪ್ರೀತಿಯೂ ಬಂದಿರುತ್ತಿತ್ತು. ಒಬ್ಬಳೇ ಓದುವಾಗ ಆ ಮಾತು ಹೇಳುವವರಿಲ್ಲ. ನಾನೇ ಹೇಳಿಕೊಂಡೆ, ನಗು ಬರಲಿಲ್ಲ.

ಆಮೇಲೆ ಗೊತ್ತಾಯಿತು, ನನಗೆ ಬೇಕಾಗಿದ್ದದ್ದು ಒಂದು ಹ್ಞೂಂ. ನಮ್ಮ ಕಡೆ ಕತೆ ಹೇಳುವವರ ಎದುರಿಗೆ ಕೂತವರು ಸಾಲು ಸಾಲಿಗೂ ಹ್ಞೂಂ ಅನ್ನಬೇಕು. ಅನ್ನದಿದ್ದರೆ ಹೇಳುವವರು ನಿಲ್ಲಿಸಿಬಿಡುತ್ತಾರೆ. ನಾನು ಅಚ್ಚಾದ ಕಾದಂಬರಿ ಓದುವಾಗಲೂ ಅಕ್ಕ ಅದನ್ನು ಬಿಡಲಿಲ್ಲ. ನಂಬಿಕೆಯಾದರೆ ಒಂದು ಹ್ಞೂಂ, ಅನುಮಾನವಾದರೆ ಎಳೆದ ಹ್ಞೂಂ, ಅಳು ಬಂದರೆ ಹ್ಞೂಂ ಇಲ್ಲವೇ ಇಲ್ಲ. ಆಗ ನಾನು ಬೆರಳನ್ನು ಸಾಲಿನ ಮೇಲಿಟ್ಟು ಕಾಯುತ್ತಿದ್ದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಊಂ, ಓದು" ಅಂದ ಮೇಲೆ ಮುಂದಕ್ಕೆ. ಈಗ ಎಷ್ಟು ಚೆನ್ನಾಗಿ ಬರೆದವರನ್ನು ತಂದರೂ ಹತ್ತು ಪುಟಕ್ಕೆ ನನಗೇ ಕತೆಯ ಮೇಲೆ ನಂಬಿಕೆ ಹೋಗುತ್ತದೆ. ಇತ್ತೀಚೆಗೆ ಯಾರಿಗೂ ಬರೆಯುವುದಕ್ಕೆ ಬರುವುದಿಲ್ಲ ಎಂದು ನಮ್ಮ ಯಜಮಾನರ ಹತ್ತಿರ ದೂರಿದೆ. ಅವರು, "ಸೊಪ್ಪೂ ಮೊದ್ಲಿನಂಗೆ ಬತ್ತಾ ಇಲ್ಲ" ಎಂದರು. ನನಗೆ ಅಕ್ಕನಿಲ್ಲದೆ ಬಹಳ ದುಃಖವಾಗುತ್ತಿತ್ತು. ಅದನ್ನು ಅವರ ಹತ್ತಿರ ಹೇಳಿದರೆ ಅವರ ಅಣ್ಣನ ಮಾತು ಬರುತ್ತದೆಂದು ತಪ್ಪನ್ನು ಕಾದಂಬರಿಗಳ ಮೇಲೆ ಹಾಕಿದ್ದೆ.

ಕೊನೆಗೆ ನಾನೊಂದು ಉಪಾಯ ಮಾಡಿದೆ. ಎರಡು ಮನೆಯ ಹುಳುಗಳಿಗೂ ಒಂದೇ ದಿನ ಜ್ವರ ಬರುವ ಹಾಗೆ ಮಾಡುವುದು. ಗೋಡೆಯ ಮೇಲೆ ಒಂದು ಮೊಳ ಜಾಗ ಇದ್ದೇ ಇದೆ. ನಾನು ಈ ಕಡೆ ಕೂತು ಗಟ್ಟಿಯಾಗಿ ಓದಿದರೆ ಆ ಕಡೆ ಕೇಳಿಸುತ್ತದೆ, ಯಾರೂ ಯಾರ ಮನೆಗೂ ಕಾಲಿಟ್ಟ ಹಾಗಾಗುವುದಿಲ್ಲ. ಹುಳು ತರುವ ಮುಂಚೆ ಹುಳುಮನೆಯನ್ನು ಬ್ಲೀಚಿಂಗ್ ಪೌಡರಿನಲ್ಲಿ ತೊಳೆಯುವುದು ವಾಡಿಕೆ. ಅತ್ತ ಕಡೆಯಿಂದ ಆ ವಾಸನೆ ಯಾವತ್ತು ಬರುತ್ತದೆ ಎಂದು ನಾನು ಮೂಗು ತೆರೆದುಕೊಂಡು ಕಾದೆ. ನಮ್ಮ ಯಜಮಾನರು ಚಾಕಿ ಕೇಂದ್ರಕ್ಕೆ ಹೊರಟು ನಿಂತಾಗೆಲ್ಲಾ ಏನಾದರೊಂದು ನೆವ ತೆಗೆದೆ. ಒಂದು ದಿನ ಹುಳುಮನೆ ಇನ್ನೂ ಒಣಗಿಲ್ಲ ಎಂದೆ, ಒಂದು ದಿನ ಅಮಾವಾಸ್ಯೆ ಹತ್ತಿರ ಬಂತು ಎಂದೆ, ಒಂದು ದಿನ ಸುಮ್ಮನೆ ತಲೆನೋವು ಎಂದೆ. "ಸೊಪ್ಪು ಬಲ್ತೋಯ್ತದೆ ಕಣಮ್ಮಿ, ಹುಳ ಸಾಕದು ನಿನ್ ತಲೆನೋವ್ ಕೇಳ್ಕಂಡಲ್ಲ" ಎಂದು ಅವರು ರೇಗಿದರು. ಅಷ್ಟರಲ್ಲಿ ಅತ್ತಲಿಂದ ಗಮ್ಮೆಂದು ವಾಸನೆ ಬಂತು. ನನ್ನ ತಲೆನೋವು ಆ ಕ್ಷಣವೇ ವಾಸಿಯಾಯಿತು. ಬಲಿತ ಸೊಪ್ಪಿನಿಂದ ಬೆಳೆ ಸ್ವಲ್ಪ ಕೆಟ್ಟರೂ ಕೆಡಲಿ ಎಂದುಕೊಂಡವಳು ನಾನು. ರೇಷ್ಮೆ ಸಾಕುವವರ ಮನೆಯಲ್ಲಿ ಇದಕ್ಕಿಂತ ದೊಡ್ಡ ಪಾಪವಿಲ್ಲ.

ಮೂರನೇ ಜ್ವರ ಕೈತಪ್ಪಿತು. ಅವರ ಹುಳು ಬೆಳಗಿನ ಜಾವವೇ ಕೂತು, ನಮ್ಮವು ಸಂಜೆಗೆ ಕೂತವು. ನಾಲ್ಕನೆಯದಕ್ಕೆ ಸರಿಹೋಯಿತು. ಅವತ್ತು ಬೆಳಿಗ್ಗೆ ಎರಡೂ ಕಡೆ ಸೊಪ್ಪು ತಿನ್ನುವ ಸದ್ದು ನಿಂತುಹೋಗಿ ಹುಳುಮನೆ ನಿಶ್ಶಬ್ದವಾಯಿತು. ತಟ್ಟೆಗಳ ಮೇಲೆ ಸುಣ್ಣ ಉದುರಿಸಿ, ಸ್ಟೂಲು ತಂದು ಗೋಡೆಗೆ ಹಾಕಿಕೊಂಡು ಕೂತೆ. ಕಾದಂಬರಿಯನ್ನು ಅಕ್ಕನ ಪದ್ಧತಿಯಂತೆ ನಡುವೆ ಮುರಿದು ನೋಡಿಯೇ ಆರಿಸಿದ್ದೆ. ಗಟ್ಟಿಯಾಗಿ ಓದತೊಡಗಿದೆ. ಎರಡು ಪುಟವಾಯಿತು, ಆ ಕಡೆಯಿಂದ ಸದ್ದಿಲ್ಲ. ನಾಲ್ಕು ಪುಟವಾಯಿತು. ಗಂಟಲು ಒಣಗಿತು. ಒಂದು ಗುಟುಕು ನೀರು ಕುಡಿದು ಮತ್ತೆ ಶುರುಮಾಡಿದಾಗ, ಗೋಡೆಯ ಮೇಲಿನಿಂದ ಸಣ್ಣಗೆ "ಹ್ಞೂಂ" ಎಂದು ಬಂತು.

ನನಗೆ ಹೇಗಾಗಿರಬೇಕು ಹೇಳಿ. ಎರಡು ವರ್ಷದ ಮೇಲೆ ಕೇಳಿದ ಹ್ಞೂಂ ಅದು. ಅಕ್ಷರ ಕಣ್ಣಿಗೆ ಕಾಣದ ಹಾಗಾಯಿತು, ಒರೆಸಿಕೊಂಡು ಓದಿದೆ. ಆಮೇಲೆ ಸಾಲು ಸಾಲಿಗೆ ಬಂತು. ನಡುವೆ ನಮ್ಮ ಯಜಮಾನರು ಬಂದು, "ಯಾರ್ಗಮ್ಮಿ ಓದ್ತಿರೋದು?" ಎಂದು ಕೇಳಿದರು. "ಹುಳಕ್ಕೆ" ಎಂದೆ. ಅವರು ನನ್ನನ್ನೂ ಹುಳುಗಳನ್ನೂ ಒಂದು ಸಲ ನೋಡಿ, ಎರಡಕ್ಕೂ ಜ್ವರ ಬಂದಿದೆ ಎಂದುಕೊಂಡರೋ ಏನೋ, ಹೊರಗೆ ಹೋದರು. ಒಂದೊಂದು ಕಡೆ ಅಕ್ಕನ ಹ್ಞೂಂ ಜಾಗ ತಪ್ಪುತ್ತಿತ್ತು ನಿಜ. ಕತೆಯಲ್ಲಿ ಮುದುಕ ಪ್ರಾಣ ಬಿಡುವಾಗ ಅವಳು ಖುಷಿಯಾಗಿ ಹ್ಞೂಂ ಅಂದಳು; ಯಾರೋ ಕಾಫಿ ಕುಡಿಯುತ್ತಾ ಕೂತಿದ್ದಾಗ ತುಂಬ ಹೊತ್ತು ಮಾತೇ ಇಲ್ಲ, ಮೂಗು ಸೀಟಿದ ಸದ್ದು ಕೇಳಿಸಿತು. ನಾನು ಆ ಕಾಫಿಯ ಸಾಲಿನ ಮೇಲೆ ಬೆರಳಿಟ್ಟು ಕಾದೆ. ಅದರಲ್ಲಿ ನನಗೆ ಕಾಣದ ಯಾವ ದುಃಖ ಅವಳಿಗೆ ಕಂಡಿತೋ, ಎರಡು ವರ್ಷದಲ್ಲಿ ಅವಳ ಮನಸ್ಸು ಎಷ್ಟು ಮೆತ್ತಗಾಗಿದೆಯೋ ಎಂದು ನನಗೂ ಅಳು ಬಂತು. ಅವತ್ತು ಸಂಜೆಯವರೆಗೂ ಓದಿದೆ. ಎರಡು ವರ್ಷದಿಂದ ಹುಡುಕುತ್ತಿದ್ದ ಕಾದಂಬರಿ ಇದೇ, ಇಷ್ಟು ಚೆನ್ನಾಗಿ ಬರೆದವರನ್ನು ನಾನು ಕಂಡೇ ಇಲ್ಲ ಎಂದು ತೀರ್ಮಾನಿಸಿದೆ.

ಮಾರನೆಯ ಬೆಳಿಗ್ಗೆ ಡೈರಿಯ ಹತ್ತಿರ ಹಾಲಿನ ಕ್ಯಾನು ಹಿಡಿದು ನಿಂತಿದ್ದಾಗ ಅಕ್ಕ ಬಂದಳು. ಅವಳೇ ಮೊದಲು ಮಾತೆತ್ತಲಿ ಎಂದು ಕಾದೆ. ಅವಳು ಹಸುವಿನ ಕೆಚ್ಚಲು ಬಾತಿರುವ ಸಮಾಚಾರ ಹೇಳಿದಳು. ತಡೆಯಲಾರದೆ ನಾನೇ, "ನೆನ್ನೆ ಕತೆ ಹೆಂಗಿತ್ತಕ್ಕ?" ಎಂದೆ.

ಅಕ್ಕನ ಮುಖ ಅರಳಿತು. "ನಿಂಗೆಂಗ್ ಗೊತ್ತಾಯ್ತಮ್ಮಿ?" ಎಂದು ಪಿಸುಗುಟ್ಟಿ, ಕುಪ್ಪಸದೊಳಗಿಂದ ಫೋನು ತೆಗೆದಳು. ಅದರ ಬಾಲದಂತೆ ಒಂದು ಬಿಳಿ ವೈರು ಹೊರಗೆ ಬಂತು, ಅದರ ತುದಿಯಲ್ಲಿ ಕಿವಿಗೆ ಸಿಗಿಸಿಕೊಳ್ಳುವ ಎರಡು ಬಿರಡೆ. "ಉಯ್ಯಂಬಳ್ಳಿಗ್ ಕೊಟ್ಟಿರೋ ನಮ್ ಮಗ್ಳು ಬಂದಿದ್ಲಲ್ಲ, ಅವ್ಳು ಹಾಕ್ಕೊಟ್ಟು ಹೋದ್ಲು. ಕಾದಂಬ್ರಿ ಎಲ್ಲಾ ಇದೇ ಓದ್ತದೆ ಕಣೆ. ನೆನ್ನೆ ಜ್ವರ ಇತ್ತಲ್ಲ, ಕಿವಿಗ್ ಹಾಕ್ಕಂಡು ಗೋಡೆಗೊರಗಿ ಕೂತ್ಬುಟ್ಟೆ. ಪ್ರಪಂಚನೇ ಕೇಳಿಸ್ನಿಲ್ಲ ನಂಗೆ."

ಡೈರಿಯವರು ನನ್ನ ಕ್ಯಾನು ಇಸಿದುಕೊಂಡರು. ಕೈ ಸೆರಗಿಗೆ ಒರೆಸಿಕೊಂಡು, "ಓದೋರು ಚೆನ್ನಾಗ್ ಓದ್ತಾರಾ?" ಎಂದೆ.

"ಯಾರೋ ಗಂಡ್ಸು, ದನಿ ಚೆನ್ನಾಗೈತೆ. ನಿನ್ನಂಗೆ ಮದ್ಯ ಮದ್ಯ ನಿಲ್ಸಿ ಬುದ್ಧಿ ಹೇಳಕ್ಕಿಲ್ಲ" ಎಂದು ಅಕ್ಕ ನಕ್ಕಳು. ಆಮೇಲೆ ಸ್ವಲ್ಪ ಸಪ್ಪಗಾಗಿ, "ಆದ್ರೆ ಒಂದು ಕಣಮ್ಮಿ, ಅಳು ಬಂದಾಗ ಅವ್ನು ನಿಲ್ಲಕ್ಕಿಲ್ಲ. ನೆನ್ನೆ ಕತೇಲಿ ಅಣ್ಣತಮ್ಮ ಬ್ಯಾರೆ ಆದ್ರು. ನಾನು ಮೂಗು ಒರೆಸ್ಕಳೊಷ್ಟೊತ್ಗೆ ಅವ್ನು ಇನ್ನೊಂದೂರ್ಗೆ ಹೋಗ್ಬುಟ್ಟಿದ್ದ. ಅಲ್ಲಿ ಏನಾಯ್ತೋ ಗೊತ್ತೇ ಆಗ್ನಿಲ್ಲ. ನಾನು ಹ್ಞೂಂ ಅಂತ ಕೂತಿರ್ತೀನಿ, ಅವ್ನಿಗೆ ಕೇಳಿಸ್ತದಾ, ಪಾಪ. ನಿಲ್ಸದು ಹೆಂಗೇಂತ ಮಗ್ಳು ಹೇಳ್ಕೊಟ್ಟಿದ್ಲು, ಮರೆತೋಯ್ತು. ನಿಂಗೆ ಬತ್ತದಾ?" ಎಂದು ಫೋನನ್ನು ನನ್ನ ಕೈಗೆ ಕೊಟ್ಟಳು.

ನನಗೆ ಬರುತ್ತಿತ್ತು. ಆ ಒಂದು ಗಳಿಗೆಯಲ್ಲಿ ಬರುವುದಿಲ್ಲ ಅನ್ನೋಣವೆಂದು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು, ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ. ಅವಳು ಅತ್ತಾಗ ನಿಲ್ಲಿಸುವುದೊಂದೇ ಆ ಗಂಡಸಿಗೆ ಬಾರದೆ ನನಗೆ ಬರುತ್ತಿದ್ದ ವಿದ್ಯೆ. ಅಕ್ಕ ತೋರುಬೆರಳನ್ನು ಮುಂದೆ ಚಾಚಿಕೊಂಡು ಕಾಯುತ್ತಿದ್ದಳು. ಆ ಬೆರಳು ಹಿಡಿದು ಗುಂಡಗಿನ ಒಂದು ಗುರುತಿನ ಮೇಲೆ ಇಟ್ಟು, "ಇಲ್ಲಿ ಒಂದ್ಸಲ ಒತ್ತಕ್ಕ, ನಿಂತ್ಕತದೆ. ಅತ್ತು ಮುಗಿದ್ಮೇಲೆ ಇನ್ನೊಂದ್ಸಲ ಒತ್ತು" ಎಂದೆ. ಅವಳು ಒತ್ತಿ ನೋಡಿದಳು, ನಿಂತಿತು. ಮತ್ತೆ ಒತ್ತಿದಳು, ಹೊರಟಿತು. ಮಗುವಿನ ಹಾಗೆ ನಾಲ್ಕೈದು ಸಲ ಮಾಡಿದಳು. "ಬದುಕ್ದೆ ಬುಡು. ನಿನ್ನ ಓದಿಸ್ಕೊಂಡಂಗೇ ಆಯ್ತು" ಎಂದು ಕ್ಯಾನು ಎತ್ತಿಕೊಂಡು ಹೊರಟಳು. ಗೋಡೆಯ ಪಕ್ಕ ಕೂತು ದಿನವೆಲ್ಲಾ ಓದಿದ ವಿಷಯ ನಾನು ಹೇಳಲಿಲ್ಲ. ಹೇಳಿದ್ದರೆ ಅವಳು ಅವತ್ತೇ ಆ ವೈರನ್ನು ಕಿತ್ತು ಬಿಸಾಕುತ್ತಿದ್ದಳು, ನನಗದು ಗೊತ್ತು. ಆಮೇಲಿನ ಬೆಳೆಯಲ್ಲಿ ಮತ್ತೆ ಇಬ್ಬರ ಜ್ವರ ಬೇರೆ ಬೇರೆ ದಿನ ಬಂದರೆ ಅವಳಿಗೆ ನಾನೂ ಇಲ್ಲ, ಅದೂ ಇಲ್ಲ.

ಮನೆಗೆ ಬಂದು ಆ ಕಾದಂಬರಿಯನ್ನು ತೆಗೆದರೆ ಮುಂದಕ್ಕೆ ಒಂದು ಪುಟವೂ ಓದಲಾಗಲಿಲ್ಲ. ಅಷ್ಟು ಚೆನ್ನಾಗಿದ್ದದ್ದು ಆ ಒಂದೇ ದಿನ. ಹೊಸದನ್ನು ಹುಡುಕುವುದನ್ನೂ ಬಿಟ್ಟಿದ್ದೇನೆ. ಆದರೆ ಮುಂದಿನ ಬೆಳೆಗೆ ನಮ್ಮ ಯಜಮಾನರು ಹುಳು ತರಲು ಹೊರಟಾಗ ನನಗೆ ಮತ್ತೆ ತಲೆನೋವು ಬಂತು, ಅತ್ತಲಿಂದ ಬ್ಲೀಚಿಂಗ್ ಪೌಡರಿನ ವಾಸನೆ ಬರುವವರೆಗೂ ಹೋಗಲಿಲ್ಲ.

ಜ್ವರದ ದಿನ ಸ್ಟೂಲು ಹಾಕಿಕೊಂಡು ಗೋಡೆಗೆ ಒರಗಿ ಕೂರುತ್ತೇನೆ. ಆ ಕಡೆಯಿಂದ ಹ್ಞೂಂ ಬರುತ್ತದೆ. ಯಾವ ಕತೆಯೋ, ಯಾರು ಬರೆದದ್ದೋ ನನಗೆ ತಿಳಿಯದು. ಎಳೆದ ಹ್ಞೂಂ ಬಂದರೆ ಕತೆಯೊಳಗೆ ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳುತ್ತೇನೆ. ಬೇಗ ಬೇಗ ಬಂದರೆ ಮದುವೆ ಊಟ ಇರಬೇಕು. ಒಮ್ಮೊಮ್ಮೆ ಅದು ತಟ್ಟನೆ ನಿಲ್ಲುತ್ತದೆ. ಅಕ್ಕ ಬೆರಳು ಒತ್ತಿದಳು, ಈಗ ಸೆರಗು ತೆಗೆದಳು ಎಂದು ನನಗೆ ಇಲ್ಲಿಂದಲೇ ಗೊತ್ತಾಗುತ್ತದೆ, ಅವಳದು ಮುಗಿಯುವವರೆಗೂ ನಾನೂ ಉಸಿರು ಹಿಡಿದುಕೊಂಡಿರುತ್ತೇನೆ. ಮೊನ್ನೆ ಹಾಗೆ ಕೂತಿದ್ದಾಗ ನಮ್ಮ ಯಜಮಾನರು ಬಂದು ನನ್ನ ಖಾಲಿ ಮಡಿಲನ್ನು ನೋಡಿ, "ಪುಸ್ತಕನೂ ಇಲ್ದೆ ಅದೇನ್ ಓದ್ತಾ ಕೂತಿದ್ದೀಯಮ್ಮಿ?" ಎಂದರು.

"ಸುಮ್ನಿರಿ, ಒಳ್ಳೆ ಜಾಗಕ್ಕೆ ಬಂದೈತೆ" ಎಂದೆ.